ಶೇಡಿಗೆ ಹಾಕಿದ ಗಂಜಿ

ಪ್ಲಾಸ್ಟಿಕ್ಕಿಗೆ ಮಣ್ಣು ಬೆರೆಸುತ್ತಾರೆಂದು ಮೊದಲು ಕೇಳಿದಾಗ ಗಂಗಿ ಬಿದ್ದು ಬಿದ್ದು ನಕ್ಕಿದ್ದಳು. “ಹಾಲಿಗೆ ನೀರು ಹಾಕ್ದಂಗೆ ಆತಲ್ರಾ!” ಪಾಪ, ಪೂರ್ತಿ ತಪ್ಪೇನೂ ಹೇಳಿರಲಿಲ್ಲ. ಬಿಳಿ ಜೇಡಿ ಬೆರೆಸಿದರೆ ಪ್ಲಾಸ್ಟಿಕ್ಕು ಹೆಚ್ಚು ಸಾಮಾನಿಗೆ ಒದಗುತ್ತದೆ, ಬಿಗಿಯೂ ಆಗುತ್ತದೆ. ಸಾವಿರದ ಒಂಬೈನೂರ ಅರವತ್ತೆರಡರ ಸುಮಾರಿಗೆ ಮಾಬ್ಲೇಶ್ವರ ಹೆಗಡೆಯವರು ಹೊನ್ನಾವರದ ಹತ್ತಿರ ಜೇಡಿ ತೊಳೆಯುವ ಕಣ ಹಾಕಿದಾಗ, ವಿಧವೆ ಗಂಗಿಯೂ ಅವಳ ಜತೆಯಲ್ಲೇ ಇದ್ದ ನಾದಿನಿ ನಾಗುವೂ ಕೆಲಸಕ್ಕೆ ಸೇರಿದರು. ಗಂಗಿ ತೊಟ್ಟಿಯಲ್ಲಿ ಮಣ್ಣು ಕದಡಿ ಸೋಸುವಳು, ನಾಗು ಸೋಸಿದ ಜೇಡಿಯನ್ನು ಬಿಲ್ಲೆ ತಟ್ಟಿ ಒಣಗಿಸುವಳು.

ಬಿಸಿಲಿಗೆ ಬಿಲ್ಲೆಗಳು ಬಿರಿದು ಪುಡಿಯಾಗತೊಡಗಿದವು. ಗಂಗಿಗೆ ತಡೆಯಲಾಗಲಿಲ್ಲ. ಹಬ್ಬಕ್ಕೆ ಗೋಡೆಗೆ ಬಳಿಯುವ ಶೇಡಿಮಣ್ಣಿಗೆ ಅನ್ನದ ಗಂಜಿ ಹಾಕಿದರೆ ಹಿಡಿದು ನಿಲ್ಲುತ್ತದೆಂದು ಅವಳಿಗೆ ಗೊತ್ತು. ಯಾರನ್ನೂ ಕೇಳದೆ ತೊಟ್ಟಿಗೆ ಒಂದು ಗಡಿಗೆ ಗಂಜಿ ಸುರಿದಳು. ಬಿಲ್ಲೆ ಬಿರಿಯಲಿಲ್ಲ. ಗಂಗಿ ಒಳಗೊಳಗೇ ಹಿಗ್ಗಿದಳು.

ಆ ವಾರವೇ ಜೇಡಿ ಕೊಳ್ಳಲಿದ್ದ ಬೊಂಬಾಯಿ ಕಾರ್ಖಾನೆಯವನು ಅದನ್ನು ಪರೀಕ್ಷಿಸಲು ಕೈಯಚ್ಚು ಹೊತ್ತು ಬಂದ. ಅವನು ಒಪ್ಪಿದರೆ ಕಣ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತದೆ. ಎಲ್ಲರೂ ಸುತ್ತ ನೆರೆದರು. ಅವನು ಪ್ಲಾಸ್ಟಿಕ್ಕಿನ ಕಾಳಿಗೆ ಜೇಡಿಯ ಹುಡಿ ಬೆರೆಸಿ, ಸ್ಟೋವಿನ ಮೇಲೆ ಕರಗಿಸಿ ಅಚ್ಚಿಗೆ ಒತ್ತಿದ. ಅನ್ನ ಸೀದ ವಾಸನೆ ಬಂತು. ಅದು ತನ್ನ ಗಂಜಿಯದೇ ಎಂದು ಗಂಗಿಗೆ ಹೊಳೆಯಿತು. ಹೊರಗೆ ಬಂದ ಪುಟ್ಟ ಬಟ್ಟಲಿನ ಮೈತುಂಬ ಕಂದು ಚುಕ್ಕೆ.

ಹೆಗಡೆಯವರು ನಾಗುವಿನತ್ತ ತಿರುಗಿದರು. “ಒಣಗಿಸೂವಾಗ ಕಸ ಬೀಳ್ಸಿದ್ಯಲ್ಲೇ! ನಾಳಿಂದ ನೀನು ಬರೂದು ಬೇಡ.”

ನಾಗುವಿನ ಕಣ್ಣು ತುಂಬಿತು. ಗಂಗಿ ಅವಳನ್ನೇ ನೋಡಿದಳು. ಸುಮ್ಮನಿದ್ದರೆ ತನ್ನ ಕೆಲಸ ಉಳಿಯುತ್ತದೆ, ಮನೆಯ ಒಲೆಯೂ ಉರಿಯುತ್ತದೆ. ಆದರೆ ನಾಗುವಿನ ಮುಖ ನೋಡುವುದು ಹೇಗೆ?

“ಒಡೆಯಾ, ಅದು ಕಸ ಅಲ್ಲ, ಗಂಜಿ. ತೊಟ್ಟಿಗೆ ಹಾಕಿದ್ದು ನಾನು.”

“ಗಂಜಿಯಾ? ಎಂತಕ್ಕೆ?”

“ಗೋಡೆಗೆ ಬಳಿಯೂವಾಗ ಹಾಕ್ತ್ರಲ್ರಾ...”

ಯಾರೂ ನಗಲಿಲ್ಲ. ಬೊಂಬಾಯಿಯವನು ಮೂಲೆಯಲ್ಲಿದ್ದ, ಗಂಜಿ ಬೀಳದ ಹಳೆಯ ಬಿರಿದ ಬಿಲ್ಲೆ ತರಿಸಿ, ಅರೆದು, ಮತ್ತೆ ಒತ್ತಿದ. ಬಟ್ಟಲು ಬೆಳ್ಳಗೆ ಹೊರಬಂತು. ಕಣ ಉಳಿಯಿತು, ನಾಗುವಿನ ಕೆಲಸವೂ ಉಳಿಯಿತು. ಗಂಗಿಯನ್ನು ಅಂದೇ ಕೆಲಸದಿಂದ ಬಿಡಿಸಿ ಮನೆಗೆ ಕಳಿಸಿದರು. ಎಸೆದಿದ್ದ ಚುಕ್ಕೆ ಬಟ್ಟಲನ್ನು ಅವಳು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಉಪ್ಪಿಗೆ ಇಟ್ಟಳು.

ಮರುದಿನ ಸಂಜೆ ನಾಗು ತನ್ನ ಕೂಲಿಯಲ್ಲಿ ಅಕ್ಕಿ ತಂದು ಗಂಜಿ ಕಾಯಿಸಿ, ಆ ಬಟ್ಟಲಿನಿಂದ ಉಪ್ಪು ಹಾಕಿ, ಗಂಗಿಗೇ ಮೊದಲು ಬಡಿಸಿದಳು.

“ಉಣ್ಣು ಅತ್ಗೆ. ಇದ್ನ ಮಾತ್ರ ತೊಟ್ಟಿಗೆ ಹಾಕ್ಬೇಡ.”

ಗಂಗಿ ನಗಲು ಹೋಗಿ ಅತ್ತುಬಿಟ್ಟಳು.