ಅರಿಶಿನ ಬಿದ್ದ ಜರ್ಸಿ

ಶುಕ್ರವಾರ ಬೆಳಿಗ್ಗೆ ಹುಣಸೆಹಣ್ಣು ಹಾಕಿ ದೇವರ ದೀಪ ಉಜ್ಜುತ್ತಿದ್ದೆ. ಫೋನ್ ಬಂತು. ಅಗ್ರಹಾರದ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಕ್ಯಾಪ್ಟನ್ ಮಂಜು.

"ಅಕ್ಕಾ, ಭಾನುವಾರದ ಮ್ಯಾಚಲ್ಲಿ ಅಣ್ಣನ್ನ ಆಡುಸ್ತಿಲ್ಲ. ಅವ್ರಿಗೆ ಹೇಳಕ್ಕೆ ನಂಗೆ ಧೈರ್ಯ ಬರ್ತಿಲ್ಲ. ನೀವೇ ಹೇಳ್ಬುಡಿ."

ಹೇಗಿದೆ ನೋಡಿ! ಗೋಲು ತಡೆಯುವ ಹುಡುಗರಿಗೆ ನಮ್ಮ ಯಜಮಾನರನ್ನು ಕಂಡರೆ ಭಯ. ನಾನೊಬ್ಬಳು ಗಟ್ಟಿಗಿತ್ತಿ!

ಯಜಮಾನರಿಗೆ ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಕೆಲಸ. ಆದರೆ ಅದು ಹೊಟ್ಟೆಪಾಡು. ಉಸಿರು ಮಾತ್ರ ಕ್ಲಬ್ಬು. ಮೀಸೆ ಮೂಡುವ ಮೊದಲೇ ಸೇರಿದವರು, ಈಗ ಮೀಸೆ ಬೆಳ್ಳಗಾಗಿದ್ದರೂ ಅದೇ ಕೆಂಪು ಜರ್ಸಿ. ಬೇರೆ ಕ್ಲಬ್ಬಿನವರು ಕರೆದಾಗಲೆಲ್ಲ "ನಮ್ದು ಇದೇ ಕಣ್ರೀ" ಎಂದು ಕೈಮುಗಿದರು. ಆಡುವುದು ಬ್ಯಾಕ್, ಅಂದರೆ ಗೋಲು ಹೊಡೆಯುವವರಲ್ಲ, ಹೊಡೆಯದಂತೆ ತಡೆಯುವವರು. ಇಷ್ಟು ವರ್ಷದಲ್ಲಿ ಹೊಡೆದದ್ದು ಒಂದೇ ಗೋಲು. (ಅದೂ ನಮ್ಮದೇ ಗೋಲಿಗೆ. ಮನೆಯಲ್ಲಿ ಈ ಮಾತು ಎತ್ತುವ ಹಾಗಿಲ್ಲ.)

ಮಂಜುವಿನ ಸುದ್ದಿ ಹೇಳಿದೆ. "ಓಹೋ" ಎಂದರು. ಅಷ್ಟೇ. ತಿಂಡಿ ಅರ್ಧಕ್ಕೇ ಬಿಟ್ಟು ಶಿಫ್ಟಿಗೆ ಹೋದರು.

ಸಂಜೆ ಬಾಗಿಲಲ್ಲಿ ಯಾರೋ ಒಂದು ಪ್ಯಾಕೆಟ್ ಕೊಟ್ಟು, "ಅಣ್ಣಂಗೆ ಕೊಡಿ, ಅವ್ರಿಗೆ ಗೊತ್ತು" ಎಂದು ಹೋದರು. ಬಿಚ್ಚಿದೆ. ಹೊಸ ಬಿಳಿ ಜರ್ಸಿ, ಬೆನ್ನ ಮೇಲೆ ಯಜಮಾನರದೇ ನಾಲ್ಕನೇ ನಂಬರು. ಕ್ಲಬ್ಬಿನವರು ಬಣ್ಣ ಬದಲಾಯಿಸಿರಬೇಕು, ಸದ್ಯ, ಮಂಜುಗೆ ಬುದ್ಧಿ ಬಂತಲ್ಲ ತಾಯೀ ಎಂದುಕೊಂಡೆ. ನಮ್ಮ ಮನೆಯಲ್ಲಿ ಹೊಸ ಬಟ್ಟೆ ಅರಿಶಿನ ಸೋಕದೆ ಮೈ ಮೇಲೇರುವುದಿಲ್ಲ. ದೇವರ ಮುಂದಿಟ್ಟು, ಅಂಚಿಗೆ ಧಾರಾಳವಾಗಿ ಅರಿಶಿನ ಹಚ್ಚಿ, ಮಡಿಸಲು ತಿರುಗಿಸಿದೆ. ಎದೆಯ ಮೇಲೆ ದೊಡ್ಡದಾಗಿ ಶ್ರೀರಾಂಪುರದ ಕ್ಲಬ್ಬಿನ ಹೆಸರು!

ಯಜಮಾನರು ಬಂದವರೇ ತಲೆ ಮೇಲೆ ಕೈ ಹೊತ್ತರು.

"ಏನೇ ಇದು? ನಾನಿನ್ನೂ ಹ್ಞೂಂ ಅಂದಿಲ್ಲ. ಇನ್ನು ಎಂಗೆ ವಾಪಸ್ ಕೊಡ್ಲಿ?"

"ಯೋಚ್ನೆ ಮಾಡ್ತೀನಿ ಅಂದಿದ್ರಾ?"

ಅರಿಶಿನದ ಅಂಚನ್ನು ಉಗುರಿನಿಂದ ಕೆರೆದು ನೋಡಿದರು. ಆಮೇಲೆ ಮೆಲ್ಲಗೆ, "ಮಧ್ಯಾಹ್ನ ಅವ್ರ ಸೆಕ್ರೆಟರಿ ಫೋನ್ ಮಾಡಿದ್ರು. ಅಲ್ಲಾದ್ರೆ ಆಡುಸ್ತಾರೆ ಕಣೇ. ಇಲ್ಲಿ ಕಲ್ಲಿನ್ ಮೇಲೆ ಕೂರುಸ್ತಾರೆ."

ಮೈದಾನದ ಪಕ್ಕ ಮರದ ಕೆಳಗೊಂದು ಕಲ್ಲು. ಆಡದವರು ಕೂರುವುದು ಅಲ್ಲೇ. ಆಡುವ ಮನುಷ್ಯನಿಗೆ ಕೂರು ಎನ್ನುವುದು ಸಣ್ಣ ಶಿಕ್ಷೆಯೇ?

"ಮೊದ್ಲು ಒಗೆದ್ಬುಡು" ಎಂದರು.

ಶನಿವಾರ ಒಗೆಯುವ ಕಲ್ಲಿನ ಮೇಲೆ ಹಾಕಿ ಸೋಪು ತಿಕ್ಕಿದೆ. ಹೆಂಗಸರಿಗೆ ಗೊತ್ತಲ್ಲ, ಅರಿಶಿನಕ್ಕೆ ಸೋಪು ತಾಗಿದರೆ ಏನಾಗುತ್ತದೆಂದು? ಹಳದಿ ಹೋಗಿ ಅಂಚೆಲ್ಲ ಕೆಂಪು! ಹಲ್ಲುಜ್ಜುತ್ತಾ ಬಂದ ಯಜಮಾನರು ಬಗ್ಗಿ ನೋಡಿದರು. ಬಾಯಿ ತುಂಬ ನೊರೆ ಇಟ್ಟುಕೊಂಡೇ ನಕ್ಕರು.

"ನೋಡೇ, ಅವ್ರ ಜರ್ಸಿನೂ ನಮ್ ಕಡೆ ಬಂದ್ಬುಡ್ತು!"

ಆಮೇಲೆ ಬಾಯಿ ಮುಕ್ಕಳಿಸಿ, "ಬಿಸ್ಲಿಗಾಕು, ಕಲೆ ಹೋಗ್ತದೆ. ನಾಳಿದ್ದು ವಾಪಸ್ ಕೊಟ್ಟು ಕೈಮುಗಿದು ಬರ್ತೀನಿ" ಎಂದರು. ನಾನು ಅಲ್ಲಿಂದಲೇ ಚಾಮುಂಡಿಬೆಟ್ಟದ ಕಡೆಗೆ ತಿರುಗಿ ಕೈಮುಗಿದೆ, ಸೋಪಿನ ಕೈಯಲ್ಲೇ.

ಭಾನುವಾರ ಹಳೇ ಕೆಂಪು ಜರ್ಸಿ ತೊಟ್ಟೇ ಹೋದರು. ಕಲ್ಲಿನ ಮೇಲೆ ಕೂತರು. ಕೂತವರು ಸುಮ್ಮನಿದ್ದರೇ? ತಮ್ಮ ಜಾಗದಲ್ಲಿ ಆಡುತ್ತಿದ್ದ ಹೊಸಬನಿಗೆ "ಎಡಕ್ ಬಾರೋ, ಎಡಕ್ಕೆ!" ಎಂದು ಕಿರುಚಿ ಕಿರುಚಿ, ಮನೆಗೆ ಬಂದಾಗ ಗಂಟಲೇ ಇರಲಿಲ್ಲ. ಗೆದ್ದದ್ದನ್ನೂ ಕೈಸನ್ನೆಯಲ್ಲೇ ಹೇಳಿದರು. (ಒಂದು ಸಂಜೆ ಮನೆಯಲ್ಲಿ ನಾನೊಬ್ಬಳೇ ಮಾತಾಡಿದೆ. ದೇವರು ದೊಡ್ಡವನು.)

ಮೆಣಸಿನ ಕಷಾಯ ಕೊಟ್ಟು ಕೆಂಪು ಜರ್ಸಿ ಕೈಗೆತ್ತಿಕೊಂಡೆ. ಮದುವೆಯಾದಾಗಿನಿಂದ ಅದರ ಮಣ್ಣಿನ ಕಲೆಗೆ ಶಾಪ ಹಾಕದ ಭಾನುವಾರವಿಲ್ಲ. ಇವತ್ತು ಒಂದು ಚೂರು ಮಣ್ಣಿರಲಿಲ್ಲ. ಖುಷಿಯಾಗಬೇಕಿತ್ತಲ್ಲವೇ? ಯಾಕೋ ಆಗಲಿಲ್ಲ.

ಆದರೂ ಬಕೆಟ್ಟಿಗೆ ಸೋಪುಪುಡಿ ಹಾಕಿ ನೆನೆಸಿದೆ. ಮ್ಯಾಚಿಗೆ ಹೋಗಿ ಬಂದವರ ಜರ್ಸಿಯನ್ನು ಒಗೆಯದೆ ಮಡಿಸಿಡುವುದುಂಟೇ?