ಹುಮನಾಬಾದಿನ ಬಿಳಿ ಕೋಟು

ಆ ಬಿಳಿ ಕೋಟಿನ ಕಾಲರಿಗೆ ತೊಟ್ಟವರೆಲ್ಲರ ಎಣ್ಣೆಜಿಡ್ಡು ಹತ್ತಿದೆ. ಹುಮನಾಬಾದಿನ ಏಜೆಂಟನೊಬ್ಬ ಅದನ್ನು ತನ್ನ ಕಚೇರಿಯ ಗೂಟಕ್ಕೆ ನೇತುಹಾಕಿರುತ್ತಾನೆ. ಹೊರದೇಶಕ್ಕೆ ಡಾಕ್ಟರಿಕೆ ಓದಲು ಹೊರಟ ನಮ್ಮ ಕಡೆಯ ಮಕ್ಕಳೆಲ್ಲ ಅದನ್ನೇ ತೊಟ್ಟು, ಕೊರಳಿಗೆ ಸ್ಟೆತಸ್ಕೋಪ್ ಹಾಕಿಕೊಂಡು ಬ್ಯಾನರಿಗೆ ಫೋಟೊ ತೆಗೆಸಬೇಕು. ವಿಮಾನ ಹತ್ತುವ ಮೊದಲೇ ಊರ ಸರ್ಕಲ್ಲಿನಲ್ಲಿ ಡಾಕ್ಟರ್ ಆಗಿಬಿಡುವುದು ನಮ್ಮಲ್ಲಿ ರೂಢಿ. ನಾನೂ ಹಾಗೆ ಬಸವಕಲ್ಯಾಣದ ಬಸ್ ನಿಲ್ದಾಣದ ಎದುರು, ಮಳೆಗೆ ಬಣ್ಣ ಹೋಗುವ ತನಕ ಹಲ್ಲು ಕಿರಿದು ನಿಂತಿದ್ದೆ.

ಮೂರನೇ ವರ್ಷದ ರಜೆಗೆ ಬಂದಾಗ ಏಜೆಂಟ್ ಅಪ್ಪನಿಗೆ ಫೋನು ಮಾಡಿದ. ಹೊಸದಾಗಿ ಹೊರಟವರಿಗೆ ಸತ್ಕಾರ ಇಟ್ಟಿದ್ದೇನೆ, ಮಗಳು ವೇದಿಕೆಗೆ ಬರಲೇಬೇಕು ಎಂದ. ಅಪ್ಪ ಆಗಲೇ ಅಂಗಿಗೆ ಇಸ್ತ್ರಿ ಹಾಕಲು ಕೂತ. ನನಗೆ ಆ ಏಜೆಂಟನ ಮುಖ ನೋಡುವುದೂ ಬೇಡವಾಗಿತ್ತು. ಹೋದದ್ದು ಒಬ್ಬ ಹುಡುಗಿಗಾಗಿ.

ಅವಳು ನಾರಾಯಣಪುರದವಳು, ನಮ್ಮ ಹೊಲದ ನೆರೆಯವರ ಮಗಳು. ಆಡು ಸಾಕುವ ಮನೆ. ಬೀದರಿನಲ್ಲಿ ಪಶುವೈದ್ಯ ಓದಲು ಸೀಟು ಸಿಕ್ಕಿತ್ತು, ಸತ್ಕಾರದ ಮರುದಿನವೇ ಸೇರಲು ಕಡೆಯ ದಿನ. ಅವಳಿಗೆ ಬೇಕಾದದ್ದೂ ಅದೇ. ಅವಳಪ್ಪನದು ಮಾತ್ರ ಅವಳನ್ನೂ ನನ್ನಂತೆ ಹೊರದೇಶಕ್ಕೆ ಡಾಕ್ಟರಿಕೆಗೇ ಕಳಿಸುವ ಹಟ: "ಆಡು ಕಾಯೋದು ಬಿಡ್ಸಾಕ ಓದ್ಸೀನಿ, ಮತ್ತ ಆಡಿನ ಹಿಂದೇ ಕಳಿಸ್ಲೇನು?"

ಸತ್ಕಾರದ ಹಿಂದಿನ ದಿನ ಹುಡುಗಿ ನಮ್ಮ ಮನೆಗೆ ಬಂದಿದ್ದಳು. "ಅಕ್ಕಾ, ಅಲ್ಲಿ ಖರೇ ಹ್ಯಾಂಗದ ಅಂತ ಅಪ್ಪಗ ನೀವೇ ಹೇಳ್ರಿ. ನಿಮ್ ಮಾತ್ ಕೇಳ್ತಾನ" ಎಂದಳು. ಹೇಳುತ್ತೇನೆ ಎಂದೆ.

ಸತ್ಕಾರ ಇಟ್ಟಿದ್ದು ಮದುವೆ ನಡೆಯುವ ಮಂಗಲ ಕಾರ್ಯಾಲಯದಲ್ಲಿ. ಅದರ ತುಂಬ ಅತ್ತರು, ಬೆವರು, ಬಾಡಿದ ಹಾರದ ವಾಸನೆ. ಸತ್ಕಾರಕ್ಕೆ ಇದ್ದದ್ದು ಒಂದೇ ಫೇಟಾ. ಒಬ್ಬರ ತಲೆಯಿಂದ ತೆಗೆದು ಇನ್ನೊಬ್ಬರಿಗೆ ಇಡುತ್ತಿದ್ದರು. ನನ್ನ ಸರದಿ ಬಂದಾಗ ಅದು ಹಿಂದಿನವನ ಬೆವರಿಗೆ ಒದ್ದೆಯಾಗಿ, ಇನ್ನೂ ಬೆಚ್ಚಗಿತ್ತು. ಫೋಟೊದವನು ನಗಿರಿ ಎಂದ.

"ನಮ್ಮ ಡಾಕ್ಟರ್ ಮೇಡಂ ಎರಡು ಮಾತಾಡ್ತಾರ" ಎಂದು ಏಜೆಂಟ್ ಮೈಕು ಕೊಟ್ಟ.

"ನಾ ಡಾಕ್ಟರ್ ಅಲ್ರಿ" ಎಂದೆ. "ಇಷ್ಟು ದಿನದಾಗ ಒಬ್ಬ ಪೇಷಂಟಿನ ಕೈ ಹಿಡದು ನಾಡಿ ನೋಡಿಲ್ಲ. ಅಲ್ಲಿಯವರ ಭಾಷಾ ನಮಗ ಬರಂಗಿಲ್ಲ, ನಮ್ಮನ್ನ ವಾರ್ಡಿನಾಗ ಬಿಡಂಗಿಲ್ಲ. ಗ್ವಾಡಿ ಮ್ಯಾಲ ಚಿತ್ರ ತೋರಿಸಿ ಕಲಿಸಾಕತ್ತಾರ. ಇಲ್ಲೇ ಸೀಟ್ ಸಿಕ್ಕವರು ಇಲ್ಲೇ ಓದ್ರಿ."

ಏಜೆಂಟ್ ಮೈಕು ಕಸಿದುಕೊಂಡು ನಕ್ಕ. "ನೋಡ್ರಿ, ಫಾರಿನ್‌ನಾಗ ಓದಿದ್ರೂ ಎಷ್ಟ್ ನಮ್ರತಾ ಅದ!"

ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನಲ್ಲಿ ನನ್ನ ಅಪ್ಪನೂ ತಟ್ಟುತ್ತಿದ್ದ. ಆ ಜನರ ಮೇಲೆ, ಆ ಕೈಗಳ ಮೇಲೆ ನನಗೆ ಬಂದ ಅಸಹ್ಯ ಇವತ್ತಿಗೂ ಹೋಗಿಲ್ಲ.

ಚಪ್ಪಾಳೆ ತಟ್ಟದವನು ಒಬ್ಬನೇ, ಆ ಹುಡುಗಿಯ ಅಪ್ಪ. ಊಟಕ್ಕೆ ಕೊಟ್ಟ ಸಿಹಿ ಶಿರಾದ ತಟ್ಟೆ ಹಿಡಿದು ಹೊರಗೆ ನನ್ನ ಹತ್ತಿರ ಬಂದ.

"ಖರೇನ ಹೇಳ್ದಿ ಬೇಟಿ?"

"ಖರೇರಿ ಕಾಕಾ."

"ಹಂಗಾರ ನೀ ಇನ್ನ ಅಲ್ಲಿಗಿ ಹೋಗಂಗಿಲ್ಲೇನು?"

ಓದು ಅರ್ಧಕ್ಕೆ ಬಿಟ್ಟು ಬಂದವಳು ಎಂದು ಇದೇ ಊರಿನಲ್ಲಿ ಬದುಕುವ ಧೈರ್ಯ ನನಗಿರಲಿಲ್ಲ. "ಮುಂದಿನ ವಾರ ಹೊಂಟೀನ್ರಿ" ಎಂದೆ.

"ಮತ್ತ? ಅಷ್ಟ್ ಕೆಟ್ಟಿದ್ರ ನೀ ಹೋಗ್ತಿದ್ದೇನು?" ಎಂದು ಅವನು ನಕ್ಕ. ಅವನ ಎದೆಯ ಭಾರ ಇಳಿದದ್ದು ಕಾಣುತ್ತಿತ್ತು. ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದ. ಒಳಗೆ ಮಗಳಿಗೆ ಯಾರೋ ಏಜೆಂಟ್ ತಂದಿದ್ದ ಆ ಕೋಟು ತೊಡಿಸುತ್ತಿದ್ದರು. ಅವಳು ನನ್ನ ಕಡೆ ನೋಡಲಿಲ್ಲ.

ನಾನು ಹೊರಟ ದಿನ ಬಸ್ಸು ಸರ್ಕಲ್ಲಿನಲ್ಲಿ ನಿಂತಿತು. ಹೊಸ ಬ್ಯಾನರಿನಲ್ಲಿ ಅವಳಿದ್ದಳು, ಜಿಡ್ಡುಗಾಲರಿನ ಕೋಟು, ತುಟಿ ಬಿಗಿದ ಮುಖ. ಮೂಲೆಯಲ್ಲೊಂದು ಗುಂಡಗಿನ ಚಿತ್ರ. ಫೇಟಾ ಇಟ್ಟುಕೊಂಡ ನಾನು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಮಾರ್ಗದರ್ಶಕರು.

ಕಳಿಸಲು ಜೊತೆಗೇ ಬಸ್ಸು ಹತ್ತಿದ್ದ ಅಪ್ಪ ಕಿಟಕಿಯಿಂದ ಮೊಬೈಲು ಚಾಚಿ ಅದರ ಫೋಟೊ ತೆಗೆದುಕೊಂಡ.