ಬೀಗದ ಮಾವ ಮತ್ತು ಮೂರಕ್ಷರ

ಯೋಗ ಮಾಡುವವನು ಯೋಗಿ, ತ್ಯಾಗ ಮಾಡುವವನು ತ್ಯಾಗಿ. ಹಾಗಿದ್ದ ಮೇಲೆ ಆರೋಪ ಮಾಡುವವನು ಆರೋಪಿ ತಾನೆ? ಪತ್ರಿಕೆಯ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ವ್ಯಾಕರಣ ಇಷ್ಟು ಗಟ್ಟಿಯಾಗಿತ್ತು. ಸರ ಕಳೆದುಕೊಂಡು ಠಾಣೆಗೆ ದೂರು ಕೊಟ್ಟ ಅಜ್ಜಿಯೊಬ್ಬರ ಸುದ್ದಿಯಲ್ಲಿ ‘ಆರೋಪಿ ಅಜ್ಜಿ ಬಿಕ್ಕಿ ಬಿಕ್ಕಿ ಅತ್ತರು’ ಎಂದು ಬರೆದು, ಕರುಣಾರಸ ಚೆನ್ನಾಗಿ ಬಂತು ಎಂದು ಒಳಗೊಳಗೇ ಬೀಗಿದ್ದೆ.

ಪುಣ್ಯಕ್ಕೆ ಅಚ್ಚಿಗೆ ಹೋಗುವ ಮುಂಚೆ ಅದು ಮುಖ್ಯ ಉಪಸಂಪಾದಕಿಯ ಕಣ್ಣಿಗೆ ಬಿತ್ತು. ನಮ್ಮ ಬರಹ ಕತ್ತರಿಸುವುದರಲ್ಲಿ ಎತ್ತಿದ ಕೈ ಆದ್ದರಿಂದ ಕಚೇರಿಯಲ್ಲಿ ಅವರಿಗೆ ಕತ್ತರಿ ಮೇಡಂ ಎಂದೇ ಹೆಸರು.

“ದೂರು ಕೊಟ್ಟವರು ದೂರುದಾರರು. ಯಾರ ಮೇಲೆ ಆರೋಪ ಬಂದಿದೆಯೋ ಅವನು ಆರೋಪಿ. ತಪ್ಪು ಸಾಬೀತಾಯ್ತು ಅಂತ ಕೋರ್ಟು ಹೇಳಿದ ಮೇಲೆ ಮಾತ್ರ ಅಪರಾಧಿ,” ಎಂದರು. “ನೀನೀಗ ಆರೋಪಿಯಲ್ಲ, ನೇರ ಅಪರಾಧಿ. ಪುರಾವೆ ನನ್ನ ಕೈಲೇ ಇದೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ‘ಆರೋಪಿ’ ಎಂಬ ಆ ಮೂರಕ್ಷರ ನಮ್ಮ ಮನೆಯವರಿಗೇ ಬೇಕಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಬೇಕಾದದ್ದು ಮಾವನಿಗೆ, ಅಂದರೆ ಅಮ್ಮನ ತಮ್ಮನಿಗೆ. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಅವನದು ಬೀಗ ರಿಪೇರಿ, ಬೀಗದಕೈ ನಕಲು ಮಾಡುವ ಕೆಲಸ. ಮದುವೆ ಮಕ್ಕಳ ಗೊಡವೆಗೆ ಹೋಗದ್ದರಿಂದ ತನಗೆ ಬೀಗರಿಲ್ಲ, ಇರುವುದೆಲ್ಲ ಬೀಗಗಳೇ ಎಂದು ಅವನೇ ಹೇಳಿಕೊಳ್ಳುತ್ತಾನೆ. ಗಿರಾಕಿಗಳ ಮುಖ ಅವನಿಗೆ ನೆನಪಿರುವುದಿಲ್ಲ, ಬೀಗದಕೈ ನೆನಪಿರುತ್ತದೆ. “ಯಾರು? ಓ, ಮುಂದಿನ ಹಲ್ಲು ಸವೆದಿರೋರು,” ಎಂದು ಮರ್ಯಾದಸ್ಥರನ್ನು ಗುರುತಿಸಿ ಬೈಸಿಕೊಂಡದ್ದೂ ಉಂಟು. ತಪ್ಪಾಗಿ ಕೊರೆದ ಕೈಗಳನ್ನೆಲ್ಲ ತಂತಿಗೆ ಪೋಣಿಸಿ ಅಂಗಡಿ ಬಾಗಿಲಿಗೆ ತೂಗುಹಾಕಿದ್ದಾನೆ. ಅವನ ಸ್ವಂತ ಮನೆಗೆ ಮಾತ್ರ ಬೀಗವಿಲ್ಲ, ಚಿಲಕಕ್ಕೊಂದು ಕಡ್ಡಿ ಸಿಕ್ಕಿಸಿರುತ್ತದೆ. “ರಿಪೇರಿಯವರು ಸಿಗ್ತಿಲ್ಲ,” ಎನ್ನುತ್ತಾನೆ.

ಅವನು ಬೀಗ ಬದಲಿಸಿಕೊಟ್ಟಿದ್ದ ಮನೆಯೊಂದರಲ್ಲಿ ಕಳವಾಯಿತು. ಬೀಗ ಮುರಿದಿರಲಿಲ್ಲ. ಮುರಿಯದೆ ತೆಗೆಯಬಲ್ಲವರು ಯಾರು? ಪೊಲೀಸರು ಹೆಚ್ಚು ತಲೆ ಕೆಡಿಸಿಕೊಳ್ಳದೆ ಸೀದಾ ಮೆಟ್ಟಿಲ ಕೆಳಗೆ ಬಂದರು. ಮರುದಿನ ನಮ್ಮದೇ ಪತ್ರಿಕೆಯ ಮೂರನೇ ಪುಟದಲ್ಲಿ, ಮೇಲ್ಗಡೆ, ದಪ್ಪ ಅಕ್ಷರದಲ್ಲಿ ‘ಬೀಗದ ಕಳ್ಳ ಸೆರೆ’. ಆ ಪುಟ ಕಟ್ಟಿದ ದಿನ ನನಗೂ ಕತ್ತರಿ ಮೇಡಂಗೂ ವಾರದ ರಜೆ. ಕಳ್ಳ ಎನ್ನುವ ಕಡೆ ಆರೋಪಿ ಎಂದಿದ್ದರೆ ಸಾಕಿತ್ತು. ವಿಚಾರಣೆ, ತೀರ್ಪು ಎರಡನ್ನೂ ನಮ್ಮವರು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದರು.

ಜಾಮೀನು ಸಿಕ್ಕಿ ಮಾವ ವಾಪಸಾದಾಗ ಎದುರುಮನೆ ಆಂಟಿ ನಮ್ಮಮ್ಮನನ್ನು ಗೇಟಿನ ಹತ್ತಿರ ಹಿಡಿದು ನಿಲ್ಲಿಸಿದರು.

“ನಿಮ್ಮ ತಮ್ಮಂಗೆ ಜಮೀನು ಸಿಕ್ತಂತೆ? ಇಷ್ಟೆಲ್ಲ ಆದ್ಮೇಲೂ ಕೊಡ್ತಾರಾ?”

“ಜಮೀನಲ್ಲ ಕಣ್ರೀ, ಜಾಮೀನು. ಕರೆದಾಗ ಕೋರ್ಟಿಗೆ ಬರ್ತಾನೆ ಅಂತ ಯಾರಾದ್ರೂ ಹೊಣೆ ನಿಂತ್ರೆ, ತೀರ್ಪು ಬರೋ ತನಕ ಹೊರಗೆ ಬಿಟ್ಟಿರ್ತಾರೆ.”

“ಅಷ್ಟೇನಾ,” ಎಂದು ಆಂಟಿ ಸಮಾಧಾನಪಟ್ಟುಕೊಂಡರು. ಸಂಜೆಯೊಳಗೆ ಬೇರೆ ಅಂಗಡಿಯಿಂದ ಹೊಸ ಬೀಗ ತರಿಸಿ ತಮ್ಮ ಬಾಗಿಲಿಗೆ ಹಾಕಿಸಿದರು.

ಅವರೊಬ್ಬರೇ ಅಲ್ಲ. ಮನೆಯ ಬೀಗದಕೈ ಹಿಡಿದು ಮೆಟ್ಟಿಲ ಕೆಳಗೆ ಬರುವವರೇ ಇಲ್ಲವಾದರು. ಬಂದರೆ ಸೈಕಲ್ಲಿನ ಬೀಗ, ಸೂಟ್‌ಕೇಸಿನ ಬೀಗ.

“ಕಳ್ಳನ ಕೈಗೆ ಮನೆ ಬೀಗದಕೈ ಯಾರು ಕೊಡ್ತಾರೆ ಅಳಿಯಾ,” ಎನ್ನುತ್ತ ಮಾವ ಅರಗಳನ್ನು ಒರೆಸಿ ಒರೆಸಿ ಇಡುತ್ತಿದ್ದ. ಕೇಸು ಗೆದ್ದರೂ ಅದು ಜನಕ್ಕೆ ಗೊತ್ತಾಗದಿದ್ದರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಕೊನೆಗೂ ಗೆದ್ದ. ಎದುರು ಪಕ್ಷದ ಸಾಕ್ಷಿಯನ್ನು ವಕೀಲರು ಕೆದಕಿ ಕೆದಕಿ ಕೇಳುವುದಕ್ಕೆ ಪಾಟೀಸವಾಲು ಎನ್ನುತ್ತಾರೆ. ಆ ಪಾಟೀಸವಾಲಿನಲ್ಲಿ ಕಳವಾದ ಮನೆಯ ಯಜಮಾನರು, ಅವತ್ತು ಹಿಂಬಾಗಿಲಿಗೆ ಚಿಲಕ ಹಾಕಲು ಮರೆತಿದ್ದೆ, ಕೆಸರಿನ ಹೆಜ್ಜೆಗಳೂ ಅಲ್ಲೇ ಇದ್ದವು ಎಂದು ಬಾಯಿಬಿಟ್ಟರು. ಮಾವ ಹಾಕಿದ ಬೀಗವನ್ನು ಯಾರೂ ಮುಟ್ಟಿರಲೇ ಇಲ್ಲ. ನ್ಯಾಯಾಲಯ ಅವನನ್ನು ಖುಲಾಸೆ ಮಾಡಿತು.

ಆ ಸಂಜೆ ಕೋರ್ಟಿನ ವರದಿಗಾರ ಕಳಿಸಿದ ಸುದ್ದಿ ನನ್ನ ಮೇಜಿಗೇ ಬರಬೇಕೇ? ‘ಸಾಕ್ಷ್ಯಾಧಾರಗಳ ಕೊರತೆ: ಬೀಗ ರಿಪೇರಿಗಾರನ ಬಿಡುಗಡೆ’ ಎಂದಿತ್ತು. ಓದಿದವರು ಏನೆಂದುಕೊಳ್ಳುತ್ತಾರೆ? ಕದ್ದದ್ದು ನಿಜ, ಜಾಣತನದಿಂದ ತಪ್ಪಿಸಿಕೊಂಡ. ಅದನ್ನು ಅಳಿಸಿ ‘ಅಪ್ಪಟ ಚಿನ್ನದಂಥ ಕುಶಲಕರ್ಮಿಗೆ ಸಂದ ಜಯ’ ಎಂದು ಹೊಡೆದೆ. ಓದಿ ನೋಡಿದರೆ ಥೇಟ್ ಸನ್ಮಾನಪತ್ರ. ಎದ್ದು ಕತ್ತರಿ ಮೇಡಂ ಹತ್ತಿರ ಹೋದೆ.

“ಮೇಡಂ, ಈ ಸುದ್ದಿ ನಾನು ಮುಟ್ಟಬಾರದು. ಇವರು ನಮ್ಮ ಮಾವ.”

“ಹೆಣ್ಣು ಕೊಟ್ಟ ಮಾವನಾ?”

“ನನಗ್ಯಾರು ಕೊಡ್ತಾರೆ ಮೇಡಂ. ಅಮ್ಮನ ತಮ್ಮ.”

“ಮೊದಲೇ ಹೇಳೋಕೆ ಏನಾಗಿತ್ತು? ಹೋಗು, ಟೀ ಕುಡ್ಕೊಂಡು ಬಾ. ತೀರ್ಪು ತರಿಸಿ ನಾನೇ ಓದ್ತೀನಿ.”

ಟೀ ಕುಡಿದೆ. ಇನ್ನೊಂದು ಕುಡಿದೆ. ಎರಡರ ರುಚಿಯೂ ಗೊತ್ತಾಗಲಿಲ್ಲ. ವಾಪಸ್ ಬಂದಾಗ ಪುಟ ಸಿದ್ಧವಾಗಿತ್ತು. ಅದೇ ಮೂರನೇ ಪುಟ, ಅದೇ ಮೇಲ್ಗಡೆ, ಅದೇ ದಪ್ಪ ಅಕ್ಷರ. ‘ಕಳವು ಪ್ರಕರಣ: ಬೀಗ ರಿಪೇರಿಗಾರ ನಿರ್ದೋಷಿ.’ ಹಿಂದೆ ಇವರನ್ನು ಕಳ್ಳ ಎಂದು ಬರೆದದ್ದು ತಪ್ಪು, ವಿಷಾದಿಸುತ್ತೇವೆ ಎಂಬ ಸಾಲೂ ಕೆಳಗಿತ್ತು.

“ಕೊರತೆ ಗಿರತೆ ಏನೂ ಇಲ್ಲ. ಇವರಿಗೂ ಕಳವಿಗೂ ಸಂಬಂಧವೇ ಇಲ್ಲ ಅಂತ ನ್ಯಾಯಾಧೀಶರು ಬರೆದಿದ್ದಾರೆ,” ಎಂದರು ಮೇಡಂ, ತಲೆಯೆತ್ತದೆ. “ಮಾನ ತೆಗೆದಿದ್ದು ಇಲ್ಲಿ. ವಾಪಸ್ ಕೊಡೋದೂ ಇಲ್ಲೇ, ಯಾವುದೋ ಪುಟದ ಮೂಲೇಲಲ್ಲ.”

ಮೂರನೇ ಟೀ ಕುಡಿದೆ. ಈ ಸಲ ಸಕ್ಕರೆ ಜಾಸ್ತಿಯಾಗಿದೆ ಎಂದು ಗೊತ್ತಾಯಿತು.

ಬೆಳಿಗ್ಗೆ ಪತ್ರಿಕೆ ಹಿಡಿದು ಅಂಗಡಿಗೆ ಹೋದರೆ ನನಗಿಂತ ಮೊದಲೇ ಎದುರುಮನೆ ಆಂಟಿ ಏದುಸಿರು ಬಿಡುತ್ತ ನಿಂತಿದ್ದರು. ಅವರ ಹೊಸ ಬೀಗ, ಬಾಗಿಲು ಎಳೆದರೆ ತಾನೇ ಬೀಳುವಂಥದ್ದು. ಬಿದ್ದಿದೆ. ಬೀಗದಕೈ ಒಳಗೇ ಉಳಿದಿದೆ, ಒಲೆಯ ಮೇಲೆ ಹಾಲೂ ಇದೆ. ಮಾವ ಚೀಲ ಹೆಗಲಿಗೇರಿಸಿ ಹೊರಟ. ನಾನೂ ಹಿಂದೆ ಹೋದೆ. ಅವನು ಬೀಗಕ್ಕೆ ಕಿವಿಯಿಟ್ಟು ತಂತಿ ತೂರಿಸಿ ಒಮ್ಮೆ ತಿರುವಿದ. ಬಾಗಿಲು ತೆರೆಯಿತು. ಹಾಲು ಇನ್ನೂ ಉಕ್ಕಿರಲಿಲ್ಲ.

ಆಂಟಿ ಒಲೆ ಆರಿಸಿ ಬಂದು ಬೀಗವನ್ನೊಮ್ಮೆ ಮಾವನನ್ನೊಮ್ಮೆ ನೋಡಿದರು.

“ಪೇಪರ್ ಓದ್ದೆ, ಸಂತೋಷ ಆಯ್ತು. ಆದ್ರೂ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಮನಸ್ಸು ಮಾಡಿದ್ರೆ ನೀವು ಯಾರ ಮನೆಗೆ ಬೇಕಾದ್ರೂ ನುಗ್ಗಬಹುದು, ಅಲ್ವಾ?”

“ಹೂಂ, ನುಗ್ಗಬಹುದು,” ಎಂದ ಮಾವ, ತಂತಿ ಚೀಲಕ್ಕೆ ಹಾಕಿಕೊಳ್ಳುತ್ತ. “ಅದಕ್ಕೇ ತಾನೆ ನನ್ನ ಕರ್ಕೊಂಡು ಬಂದಿದ್ದು.”